ಅವ್ವ ಅಪ್ಪನ ಪಾರ್ಟು ಮಾಡಿದ ವರ್ಷ

ನಮ್ಮ ಅಪ್ಪ ಮನೆಯೊಳಗೆ ಕಾಲಿಡುವ ಮೊದಲು ಮೂರು ಸಲ ಕೆಮ್ಮುತ್ತಿದ್ದ. ಅದು ಕಾಯಿಲೆಯ ಕೆಮ್ಮಲ್ಲ, ಬರುತ್ತಿದ್ದೇನೆ ಎಂಬ ಸುದ್ದಿ. ಮೊದಲನೆಯ ಕೆಮ್ಮು ಬೇಲಿಯ ಹತ್ತಿರ ಕೇಳುತ್ತಿತ್ತು. ಜಗುಲಿಯ ಮೇಲೆ ಕಾಲು ಚಾಚಿ ಕಡಲೆಕಾಯಿ ಸುಲಿಯುತ್ತಿದ್ದ ಅವ್ವ ಎದ್ದು ಒಲೆಯ ಮುಂದೆ ಹೋಗುತ್ತಿದ್ದಳು. ಎರಡನೆಯದು ಅಂಗಳದಲ್ಲಿ, ನಾನು ಪುಸ್ತಕ ತೆಗೆದು ಸಿಕ್ಕಿದ ಪುಟವನ್ನು ಗಟ್ಟಿಯಾಗಿ ಓದತೊಡಗುತ್ತಿದ್ದೆ. ಮೂರನೆಯದು ಹೊಸ್ತಿಲಲ್ಲಿ. ನಮ್ಮ ಬಾಗಿಲು ತಗ್ಗಾದ್ದರಿಂದ ಅದು ಬಗ್ಗಿಕೊಂಡು ಕೆಮ್ಮಿದ ಕೆಮ್ಮು, ಸ್ವಲ್ಪ ಅದುಮಿದಂತೆ ಬರುತ್ತಿತ್ತು. ಅಷ್ಟು ಹೊತ್ತಿಗೆ ಮನೆ ಅಪ್ಪನಿಗೆ ಬೇಕಾದ ಹಾಗೆ ಸಿದ್ಧವಾಗಿರುತ್ತಿತ್ತು. ಅಪ್ಪನನ್ನು ಹೆತ್ತ ಅಜ್ಜಿ ಮಾತ್ರ ಕೂತಲ್ಲಿಂದ ಏಳುತ್ತಿರಲಿಲ್ಲ. ಎಲೆಅಡಿಕೆ ಅಗಿಯುತ್ತಲೇ "ಬಂದ್ನಪ್ಪ ಮಾರಾಜ" ಅನ್ನುತ್ತಿದ್ದಳು.

ಧರ್ಮಪುರಿಯಿಂದ ಹೊಗೆನಕಲ್ಲಿಗೆ ಹೋಗುವ ಬಸ್ಸುಗಳು ಕೈಯೆತ್ತಿದರೆ ನಿಲ್ಲುವಂಥ ಊರು ನಮ್ಮದು. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು, ಎತ್ತುಗಳ ಜೊತೆ ಎರಡೂ. ಮನೆ ಅಂದರೆ ಒಂದು ನಡುಮನೆ, ಒಂದು ಅಡಿಗೆಮನೆ, ಪಕ್ಕಕ್ಕೆ ಅಂಟಿಕೊಂಡ ಕೊಟ್ಟಿಗೆ. ಅಡಿಗೆಮನೆಗೂ ನಡುಮನೆಗೂ ನಡುವಿನ ಗೋಡೆ ಸೂರಿನ ತನಕ ಹೋಗಿರಲಿಲ್ಲ; ಆಳೆತ್ತರಕ್ಕೆ ನಿಂತುಬಿಟ್ಟಿತ್ತು. ಅದರ ಮೇಲಿಂದ ಹೊಗೆ ಎಲ್ಲರಿಗೂ ಬರುತ್ತಿತ್ತು, ಆದರೆ ಅವ್ವನ ಮಾತು ಬರುತ್ತಿದ್ದದ್ದು ನನಗೊಬ್ಬಳಿಗೆ. ಯಾಕೆಂದರೆ ನಾನು ಓದಲು ಕೂರುತ್ತಿದ್ದ ಜಾಗ ಆ ಗೋಡೆಗೆ ಒರಗಿಸಿದ ರಾಗಿ ಗುಡಾಣದ ಮಗ್ಗುಲು. ಅಪ್ಪ ಉಣ್ಣಲು ಕೂರುತ್ತಿದ್ದದ್ದು ಆ ಕಡೆ, ಬಾಗಿಲ ಗಾಳಿಗೆ.

ಅಪ್ಪನಿಗೂ ಅವ್ವನಿಗೂ ಜಗಳವಿರಲಿಲ್ಲ. ಜಗಳವಾಡಲು ಮಾತು ಬೇಕಲ್ಲ. ಊಟಕ್ಕೆ ಕೂತಾಗ ಅಪ್ಪ ಆಡುತ್ತಿದ್ದದ್ದು ಒಟ್ಟು ಮೂರು ಮಾತು: ಉಪ್ಪು, ನೀರು, ಸಾಕು. ಅದನ್ನೂ ಅವ್ವನ ಮುಖ ನೋಡಿ ಹೇಳುತ್ತಿರಲಿಲ್ಲ, ಸೂರಿನ ಜಂತೆಯನ್ನು ನೋಡಿ ಹೇಳುತ್ತಿದ್ದ. ತಟ್ಟೆಯ ಅಂಚನ್ನು ಬೆರಳಿಂದ ಎರಡು ಸಲ ಬಡಿದರೆ ಸಾರು ಬೇಕು ಎಂದರ್ಥ. "ಉಪ್ಪು" ಅನ್ನುವುದಕ್ಕೆ ಕಮ್ಮಿ, ಜಾಸ್ತಿ ಎಂಬ ಎರಡರ್ಥವಿತ್ತು. ಯಾವುದು ಎಂಬುದು ಎಳೆತದಿಂದ ತಿಳಿಯಬೇಕು. ಅವ್ವ ಒಮ್ಮೆಯೂ ತಪ್ಪು ತಿಳಿದದ್ದಿಲ್ಲ. ಬಡಿಸಿ ಒಳಗೆ ಹೋದಮೇಲೆ ಒಲೆಯ ಮುಂದೆ ಕೂತು, ಕೊಳವೆ ಊದುವ ನಡುನಡುವೆ, ಅಪ್ಪನಿಗೆ ಹೇಳಬೇಕಾದ್ದನ್ನೆಲ್ಲ ಬೆಂಕಿಗೆ ಹೇಳುತ್ತಿದ್ದಳು. ನಾನು ಗುಡಾಣದ ಪಕ್ಕ ಕೂತು ಕೇಳುತ್ತಿದ್ದೆ. ಸ್ಕೂಲಿನ ಪದ್ಯಗಳಿಗಿಂತ ಅವು ನನಗೆ ಚೆನ್ನಾಗಿ ಬಾಯಿಪಾಠವಾಗಿದ್ದವು.

ನಾನು ಆರನೆಯ ಕ್ಲಾಸಿಗೆ ಬಂದ ವರ್ಷ ಊರಿಗೆ ಸೆಲ್ವಿ ಟೀಚರ್ ಬಂದಳು. ದೊಡ್ಡವರಿಗೆ ಅಕ್ಷರ ಕಲಿಸುವ ಕೆಲಸ ಆಗ ಜಿಲ್ಲೆಯಲ್ಲೆಲ್ಲ ನಡೆಯುತ್ತಿತ್ತು. ಇಪ್ಪತ್ತೆರಡು ವರ್ಷದ, ಸೈಕಲ್ ತುಳಿಯುವ ತಮಿಳು ಹುಡುಗಿ. ಕನ್ನಡ ಅವಳಿಗೆ ಒಂದಕ್ಷರವೂ ಬರದು; ನಮ್ಮೂರ ಹೆಂಗಸರಿಗೆ ತಮಿಳು ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಬರುತ್ತಿತ್ತು. ಸಂಜೆ ಐದರಿಂದ ಆರು ಸ್ಕೂಲಿನ ಜಗುಲಿಯಲ್ಲಿ ಪಾಠ. ಅವ್ವನನ್ನು ಕಳಿಸಲು ಅಪ್ಪ ಒಪ್ಪಿದ್ದು ಒಂದೇ ಕಾರಣಕ್ಕೆ: ಅದು ಸರ್ಕಾರದ ಕೆಲಸ, ಬೇಡ ಅಂದರೆ ಯಾರಾದರೂ ಬಂದು ಕೇಳಿಯಾರು ಎಂದು. ಅವ್ವ ನಾಲ್ಕು ತಿಂಗಳಲ್ಲಿ ತನ್ನ ಹೆಸರು ಚಿಕ್ಕತಾಯಿ ಎಂಬುದನ್ನು ತಮಿಳಿನಲ್ಲಿ ಬರೆಯಲು ಕಲಿತಳು. ಬರೆಯುವಾಗ ನಾಲಿಗೆ ಹೊರಗೆ ಬರುತ್ತಿತ್ತು.

ಅಷ್ಟರಲ್ಲಿ ಮೇಲಿನಿಂದ ಆರ್ಡರ್ ಬಂತು: ಪ್ರತಿ ಊರಿನ ಕಲಿಯುವವರೂ ಒಂದು ಬೀದಿ ನಾಟಕ ಆಡಬೇಕು, ಆಫೀಸರ್ ಬಂದು ನೋಡುತ್ತಾರೆ. ಸೆಲ್ವಿಯೇ ನಾಟಕ ಬರೆದಳು. ಒಬ್ಬ ಗಂಡ, ಒಬ್ಬಳು ಹೆಂಡತಿ. ಹೆಂಡತಿ ಓದು ಕಲಿಯಲು ಹೋಗುತ್ತೇನೆ ಅನ್ನುತ್ತಾಳೆ, ಗಂಡ ಉಣ್ಣುತ್ತಾ ಗದರಿಸಿ ಬೇಡ ಅನ್ನುತ್ತಾನೆ. ಅವಳು ಕದ್ದು ಕಲಿಯುತ್ತಾಳೆ. ಕೊನೆಗೆ ಅವನು ಬೋರ್ಡು ಓದಲು ಬರದೆ, ಹೆಂಡತಿ ಹೇಳಿದ್ದನ್ನೂ ಕೇಳದೆ ತಪ್ಪು ಬಸ್ಸು ಹತ್ತಿ ಇಡೀ ದಿನ ಅಲೆದು ಬರುತ್ತಾನೆ, ಬುದ್ಧಿ ಬರುತ್ತದೆ. ಗಂಡನ ಪಾರ್ಟಿಗೆ ಊರಿನ ಇಬ್ಬರು ಗಂಡಸರನ್ನು ಕೇಳಿದರು. ಒಬ್ಬನು ರಾಜನ ಪಾರ್ಟಾದರೆ ಮಾತ್ರ ಮಾಡುತ್ತೇನೆ, ಕಿರೀಟ ಇರಬೇಕು ಅಂದ. ಇನ್ನೊಬ್ಬ ಒಪ್ಪಿ ಬಂದು ನಿಂತ, ಆದರೆ ಅವನ ನಿಜವಾದ ಹೆಂಡತಿ ಎದುರಿಗೇ ಕೂತಿದ್ದರಿಂದ ಗದರಿಸುವ ಮಾತು ಬಂದಾಗಲೆಲ್ಲ ಅವಳ ಕಡೆ ನೋಡಿ ಕೈಮುಗಿದ ಹಾಗೆ ಮಾಡುತ್ತಿದ್ದ. ಸೆಲ್ವಿ ತಲೆಯ ಮೇಲೆ ಕೈ ಹೊತ್ತು ಕೂತಳು. ಅದೇ ಹೊತ್ತಿಗೆ ನಮ್ಮ ಕರು ಹಗ್ಗ ಕಿತ್ತುಕೊಂಡು ಸ್ಕೂಲಿನ ಅಂಗಳಕ್ಕೆ ನುಗ್ಗಿತು. ಅವ್ವ ಎದ್ದು ನಿಂತು ಕೂಗಿದಳು:

"ಏಯ್! ಎತ್ಲಾಗ್ಲಾ ಓಗ್ತೀಯ? ಬಾ ಇಲ್ಲಿ!"

ರಾಗಿ ಹೊಲದಲ್ಲಿ ಗಿಳಿ ಓಡಿಸಿ ಬಲಿತ ಗಂಟಲು ಅದು. ಕರು ನಿಂತಿತು. ಮಗ್ಗಿ ಹೇಳುತ್ತಿದ್ದ ಹುಡುಗರು ನಿಂತರು. ರಾಜನ ಪಾರ್ಟು ಕೇಳಿದವನು ಕೂತಲ್ಲಿಂದ ಎದ್ದು ನಿಂತ. ಸೆಲ್ವಿ ಚಪ್ಪಾಳೆ ತಟ್ಟಿ ಕುಣಿದಳು.

"ಇದಾನ್! ಇದಾನ್!" ಇದೇ, ಇದೇ, ಗಂಡ ಸಿಕ್ಕಿದ ಎಂದು ತಮಿಳಿನಲ್ಲಿ ಕೂಗಿದಳು.

ಹೆಂಡತಿಯ ಪಾರ್ಟು ಪಕ್ಕದ ಮನೆ ಪುಟ್ಟಮ್ಮನಿಗೆ ಕೊಟ್ಟರು. ಆದರೆ ಅವ್ವ ಕಣ್ಣು ಬಿಟ್ಟ ಕೂಡಲೆ ಪುಟ್ಟಮ್ಮ ಸೆರಗು ಬಾಯಿಗೆ ತುರುಕಿ ನಗುತ್ತಿದ್ದಳು. ಮೂರು ದಿನ ನಕ್ಕಳು. ನಾಲ್ಕನೆಯ ದಿನ ಅವಳ ಗಂಡ, ಹೆಂಡತಿಯಾದವಳು ಹೊರಗೆ ಹೋಗಿ ಹೆಂಡತಿಯ ಪಾರ್ಟು ಮಾಡುವುದು ಬೇಡ ಎಂದು ತಡೆದ. ಅವ್ವನಿಗೆ ಚೀಟಿ ನೋಡಿ ಮಾತು ಓದಿ ಹೇಳಿಕೊಡುತ್ತಿದ್ದವಳು ನಾನು. ಎರಡೂ ಪಾರ್ಟು ನನಗೆ ಬಾಯಿಗೆ ಬಂದಿದ್ದವು. ಹೀಗೆ ಹನ್ನೊಂದು ವರ್ಷಕ್ಕೆ ನಾನು ನಮ್ಮ ಅವ್ವನ ಹೆಂಡತಿಯಾದೆ.

ನಾಟಕವೂ ಸರ್ಕಾರದ್ದೇ ಎಂದು ಅಪ್ಪ ತಡೆಯಲಿಲ್ಲ. ಅಭ್ಯಾಸ ಹೆಚ್ಚಾಗಿ ಮನೆಯಲ್ಲೇ ನಡೆಯಿತು, ಅವನು ಹೊಲದಲ್ಲಿರುವಾಗ. ಅವ್ವ ಮುದ್ದೆ ತಿರುವುತ್ತಾ ತಮಿಳು ಮಾತು ಒಪ್ಪಿಸುತ್ತಿದ್ದಳು. ಮೊದಮೊದಲು ಅವಳು ಸಿಟ್ಟಿನ ಗಂಡನೆಂದರೆ ಸುಮ್ಮನೆ ಕೂಗುವುದು ಎಂದುಕೊಂಡಿದ್ದಳು. ತಿದ್ದಿದವಳು ಅಜ್ಜಿ. ಮಗನನ್ನು ಆಡಿಕೊಳ್ಳುತ್ತಿದ್ದಾರೆ ಎಂದು ಅವಳು ಮುನಿಯಬಹುದು ಎಂದು ನಾವು ಹೆದರಿದ್ದೆವು. ಅವಳು ಮುನಿದದ್ದು, ಸರಿಯಾಗಿ ಆಡಿಕೊಳ್ಳುತ್ತಿಲ್ಲ ಎಂದು.

"ಲೇ ಚಿಕ್ಕತಾಯಿ, ಬರೀ ಬಾಯಿ ಮಾಡಿದ್ರೆ ಗಂಡಸಾಗ್ತಾನೇನೇ? ಒಳಿಕ್ಕೆ ಬರಾಕೆ ಮುಂಚೆ ಕೆಮ್ಮು. ಟವಲ್ಲ ಒಂದ್ ಕಿತ ಒದರಿ ಎಗಲ ಮ್ಯಾಕೆ ಆಕು. ಎಡಗಾಲು ವಸಿ ಎಳೀಬೇಕು. ನನ್ ಮಗ ಅಂಗೇ ನಡೆಯೋದು, ಅವರಪ್ಪನೂ ಅಂಗೇ ನಡೀತಿದ್ದ."

"ಅತ್ತೆ, ಅವರ್ಗೆ ತಿಳಿದ್ರೆ?"

"ಅವ್ನು ಯಾವತ್ತು ಅವ್ನ ನಡಿಗೆ ಅವ್ನೇ ನೋಡವ್ನೆ? ತಿಳಿಯಾಕಿಲ್ಲ, ಮಾಡು."

ಅವ್ವ ಕೆಮ್ಮಿದಳು, ಟವಲು ಒದರಿದಳು, ಎಡಗಾಲು ಎಳೆದು ನಡೆದು ಬಂದು ಚಕ್ಕಂಬಕ್ಕಳ ಹಾಕಿ ಕೂತು, ಜಂತೆ ನೋಡುತ್ತಾ "ಉಪ್ಪು" ಅಂದಳು. ನಾನು ನಿಜವಾಗಿಯೂ ಎದ್ದು ಉಪ್ಪು ತರಲು ಹೋದೆ. ಅಜ್ಜಿ ನಕ್ಕು ನಕ್ಕು ಎಲೆಅಡಿಕೆ ನೆತ್ತಿಗೆ ಹತ್ತಿಸಿಕೊಂಡಳು. ಸೆಲ್ವಿಯ ಚೀಟಿಯಲ್ಲಿ ಗಂಡನಿಗೆ ಅರ್ಧ ಪುಟದ ಬೈಗುಳವಿತ್ತು. ಅವ್ವನ ಆ ಒಂದು ಮಾತು ಕೇಳಿದ ಮೇಲೆ ಸೆಲ್ವಿ ಅದನ್ನೆಲ್ಲ ಹೊಡೆದುಹಾಕಿ "ಉಪ್ಪು" ಎಂದಷ್ಟೇ ಇಟ್ಟಳು. ಆ ಮಾತಿಗೆ ತಮಿಳೆಂದೂ ಕನ್ನಡವೆಂದೂ ಬೇರೆ ಇಲ್ಲ, ಎರಡರಲ್ಲೂ ಅದೇ.

ನಾಟಕ ಒಂದು ಭಾನುವಾರ, ಹೊತ್ತು ಇಳಿಯುವಾಗ, ಬಸ್ಸು ನಿಲ್ಲುವ ಹುಣಸೆ ಮರದ ಕೆಳಗೆ. ಪರದೆ ಇಲ್ಲ, ಮೈಕೂ ಇಲ್ಲ. ಆಫೀಸರಿಗೆ ಸ್ಕೂಲಿನ ಕುರ್ಚಿ. ಊರಿನ ಹಿರಿಯರ ಸಾಲಿನಲ್ಲಿ ಅಪ್ಪ, ಮುಂದೆಯೇ. ಅವ್ವನಿಗೆ ಅಪ್ಪನ ಒಳ್ಳೆಯ ಪಂಚೆ, ಬಾಣಲೆಯ ತಳದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಬರೆದ ಮೀಸೆ. ನನಗೆ ಅವ್ವನ ಸೀರೆ, ಮೂರು ಸುತ್ತು ಸುತ್ತಿದರೂ ಮಿಕ್ಕಿತ್ತು. ಅವ್ವ ಮರದ ಹಿಂದಿನಿಂದ ಮೊದಲನೆಯ ಕೆಮ್ಮು ಕೆಮ್ಮಿದಳು. ಜನ ಅಪ್ಪ ಕೆಮ್ಮಿದನೆಂದು ಅವನ ಕಡೆ ತಿರುಗಿದರು. ಅಪ್ಪನೂ ಯಾರದು ಎಂದು ಹಿಂದಕ್ಕೆ ತಿರುಗಿ ನೋಡಿದ. ಎರಡನೆಯ ಕೆಮ್ಮಿಗೆ ಒಂದಿಬ್ಬರಿಗೆ ತಿಳಿಯಿತು. ಮೂರನೆಯದು ಸ್ವಲ್ಪ ಅದುಮಿ, ಇಲ್ಲದ ಬಾಗಿಲಿಗೆ ಬಗ್ಗಿ ಅವ್ವ ಒಳಗೆ ಬಂದಾಗ ಊರಿಗೆ ಊರೇ ಹೋ ಎಂದಿತು. ಟವಲು ಒದರಿದ್ದಕ್ಕೆ ಒಂದು ನಗೆ, ಎಡಗಾಲು ಎಳೆದದ್ದಕ್ಕೆ ಒಂದು ನಗೆ. ಅಪ್ಪನೂ ನಗುತ್ತಿದ್ದ. ಪಕ್ಕದವನು ಕಿವಿಯಲ್ಲಿ ಏನೋ ಹೇಳಿದ; ಅಪ್ಪನ ನಗು ಅಲ್ಲಿಗೆ ನಿಂತಿತು.

ಅವ್ವ ಕೂತು, ಹುಣಸೆ ಕೊಂಬೆ ನೋಡುತ್ತಾ, ತಟ್ಟೆಯ ಅಂಚು ಬಡಿದು ಹೇಳಿದಳು:

"ಉಪ್ಪು."

ನಾನು ತಮಿಳಿನಲ್ಲಿ "ಇವತ್ತಿನಿಂದ ನಾನು ಓದಲು ಹೋಗುತ್ತೇನೆ" ಅನ್ನಬೇಕಿತ್ತು. ಮುಂದಿನ ಸಾಲಿನಲ್ಲಿ ಅಪ್ಪನ ಮುಖ ಕಂಡಿತು, ಎದುರಿಗೆ ಮೀಸೆಯ ಅಪ್ಪ ಕೂತಿದ್ದ, ತಮಿಳು ಮಾತು ತಲೆಯಿಂದ ಹಾರಿಹೋಯಿತು. ಬಾಯಿ ತೆರೆದೇ ಇತ್ತು. ಅದರೊಳಗಿಂದ ರಾಗಿ ಗುಡಾಣದ ಪಕ್ಕ ಕೂತು ಕೇಳಿದ್ದು, ಅವ್ವ ಒಲೆಗೆ ಹೇಳಿದ್ದು, ಅವಳ ದನಿಯಲ್ಲೇ ಬಂದುಬಿಟ್ಟಿತು:

"ಉಪ್ಪು ಕಮ್ಮಿ ಅಂತ ನಾಲ್ಗೆಗೆ ತಿಳೀತದೆ. ಬೇಸ್ದೋಳು ಉಂಡ್ಳಾ ಬಿಟ್ಳಾ ಅಂತ ತಿಳಿಯಾಕಿಲ್ವಾ?"

ಅವ್ವ ಜಂತೆಯಿಂದ, ಅಂದರೆ ಕೊಂಬೆಯಿಂದ ಕಣ್ಣು ಕಿತ್ತು ನನ್ನನ್ನು ನೋಡಿದಳು. ಮಸಿಯ ಮೀಸೆಯ ಮೇಲೆ ಅವಳ ಕಣ್ಣು ಅಷ್ಟು ದೊಡ್ಡದಾಗಿದ್ದನ್ನು ನಾನು ಕಂಡಿರಲಿಲ್ಲ. ಅವಳ ಗುಟ್ಟನ್ನು ಊರ ಮುಂದೆ ಚೆಲ್ಲಿದ್ದೆ. ಆಮೇಲೆ ನಾನು ಮದುವೆಯಾಗಿ ಕೊಳ್ಳೇಗಾಲದ ಕಡೆಗೆ ಬಂದು, ಕನ್ನಡ ಅಕ್ಷರ ಕಲಿತು, ಹವ್ಯಾಸಿ ತಂಡಗಳಲ್ಲಿ ಎಷ್ಟೋ ಪಾರ್ಟು ಮಾಡಿದ್ದೇನೆ. ಮಾತು ಮರೆತ ಭಯ ಪ್ರತಿ ಸಲವೂ ಬಂದಿದೆ, ಆದರೆ ಮರೆತದ್ದರ ಬದಲು ನಿಜ ಬಾಯಿಗೆ ಬಂದುಬಿಟ್ಟ ಭಯ ಅವತ್ತಿನದೇ. ಅತ್ತ ಮುಂದಿನ ಸಾಲಿನಲ್ಲಿ ಅಪ್ಪ ಎದ್ದು ನಿಂತಿದ್ದ.

"ಏಯ್! ಅವತ್ತು ಉಪ್ಪು ನಿಜ್ವಾಗ್ಲೂ ಕಮ್ಮಿ ಇತ್ತು ಕಣೇ!"

ಅವ್ವ ಅಳುತ್ತಾಳೆ ಎಂದುಕೊಂಡೆ. ಅವಳು ನಿಧಾನವಾಗಿ ತಿರುಗಿ, ಗಂಟಲು ಸರಿಮಾಡಿಕೊಂಡು, ಅಪ್ಪನ ದನಿಯಲ್ಲೇ ಅಪ್ಪನಿಗೆ ಹೇಳಿದಳು:

"ಯಾರಯ್ಯಾ ನೀನು? ನಮ್ಮನೆ ಗಂಡ ಎಂಡ್ರ ಇಸ್ಯಕ್ಕೆ ಯಾಕ್ ಬತ್ತೀಯ? ಕೂತ್ಕೊಳಯ್ಯ!"

ಅಪ್ಪ ಕೂತ. ಜನರ ನಗು ನಿಲ್ಲಲು ಎಷ್ಟು ಹೊತ್ತಾಯಿತೆಂದರೆ, ಆ ನಡುವೆ ಬಂದ ಹೊಗೆನಕಲ್ ಬಸ್ಸಿನ ಡ್ರೈವರ್ ಇಂಜಿನ್ ಆರಿಸಿ ಇಳಿದು ಬಂದು ಏನಾಯಿತೆಂದು ಕೇಳಿದ. ಅಪ್ಪ ಎದ್ದದ್ದೂ ನಾಟಕದ್ದೇ ಎಂದು ತಿಳಿದ ಆಫೀಸರ್, ಹೊರಡುವಾಗ ಅವನ ಕೈ ಕುಲುಕಿ ಹೋದರು.

ಮನೆಗೆ ಬಂದ ಮೇಲೆ ಅಪ್ಪ ಮಾತಾಡಲಿಲ್ಲ. ಮೊದಲೇ ಮೂರು ಮಾತಿನವನು, ಈಗ ಅದೂ ಇಲ್ಲ. ಉಪ್ಪು ಕಮ್ಮಿಯೋ ಹೆಚ್ಚೋ, ತಲೆ ತಗ್ಗಿಸಿ ಉಂಡು ಏಳುತ್ತಿದ್ದ. ಒಂದು ದಿನ ಅವ್ವ ಬೇಕೆಂದೇ ಹುರುಳಿ ಸಾರಿಗೆ ಉಪ್ಪು ಹಾಕದೆ ಬಡಿಸಿದಳು. ಅದನ್ನೂ ಎರಡು ಸಲ ಹಾಕಿಸಿಕೊಂಡು ಉಂಡ. ಎಲ್ಲಕ್ಕಿಂತ ಕೆಟ್ಟದ್ದು, ಕೆಮ್ಮುವುದನ್ನು ಬಿಟ್ಟ. ಸದ್ದಿಲ್ಲದೆ ಒಳಗೆ ಬಂದು ನಿಂತಿರುತ್ತಿದ್ದ. ಅದರಿಂದ ಮನೆಯ ಲೆಕ್ಕವೆಲ್ಲ ತಪ್ಪಿತು. ನಾನು ಓದದೆ ಸಿಕ್ಕಿಬಿದ್ದೆ. ಅವ್ವ ಜಗುಲಿಯಲ್ಲಿ ಕಾಲು ಚಾಚಿರುವಾಗಲೇ ಸಿಕ್ಕಿಬಿದ್ದಳು. ಅಜ್ಜಿಯಂತೂ ಪುಟ್ಟಮ್ಮನಿಗೆ ಮಗನ ನಡಿಗೆಯನ್ನು ಸ್ವತಃ ನಡೆದು ತೋರಿಸುತ್ತಿದ್ದಾಗ, ಮಗ ಹಿಂದೆಯೇ ನಿಂತಿದ್ದ. ಅವಳು ತಡವರಿಸದೆ "ಕಾಲು ಜೋಮು ಇಡ್ದದೆ" ಎಂದು ಅದೇ ನಡಿಗೆಯಲ್ಲಿ ಕೊಟ್ಟಿಗೆಗೆ ಹೋದಳು.

ಅವ್ವ ಮಾತ್ರ ನನ್ನನ್ನು ಬೈಯಲಿಲ್ಲ. ಮೂರನೆಯ ದಿನ ರಾಗಿ ಬೀಸುತ್ತಾ ಕೇಳಿದಳು:

"ಒಲೆ ತಾವ ನಾನ್ ಅನ್ನೋದು ನಿಂಗ್ ಕೇಳ್ತದಾ?"

"ಊಂ."

"ಎಲ್ಲಾವಾ?"

"ಎಲ್ಲಾವೂ ಅವ್ವ."

ಅವ್ವ ಬೀಸುಗಲ್ಲು ನಿಲ್ಲಿಸಿದಳು. ಏನೇನು ಅಂದಿದ್ದೇನೆ ಎಂದು ನೆನೆಸಿಕೊಂಡಿರಬೇಕು, ಮುಖ ಕೆಂಪಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಆಗ್ಲಿ ಬಿಡು. ಅವರಿಗೂ ಕೇಳೋ ಅಂಗೆ ವಸಿ ಜೋರಾಗಿ ಅಂದಿದ್ರೆ ಆಗ್ತಿತ್ತು."

ವಾರ ಕಳೆದ ಮೇಲೆ ಸೆಲ್ವಿ ಸೈಕಲ್ಲಿನಲ್ಲಿ ಬಂದಳು. ಆಫೀಸರಿಗೆ ನಾಟಕ ತುಂಬ ಹಿಡಿಸಿದೆ, ಬೇರೆ ಊರುಗಳಲ್ಲೂ ಆಡಬೇಕು, ಮುಖ್ಯವಾಗಿ ಆ ಜನರ ನಡುವಿನಿಂದ ಎದ್ದು ನಿಲ್ಲುವ ಮನುಷ್ಯ ಬೇಕೇ ಬೇಕು ಎಂದಿದ್ದಾರೆ ಎಂದಳು. ಅಪ್ಪ ಜಗುಲಿಯ ಮೇಲೆ ನೇಗಿಲಿನ ಮಿಣಿ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತಲಿಲ್ಲ.

"ನಾನ್ ನಾಟಕ್ದೋನಲ್ಲ."

"ನೀವು ನಟಿಸೋದೇ ಬೇಡ ಅಣ್ಣಾ. ಸುಮ್ಮನೆ ಎದ್ದು ನಿಜ ಹೇಳಿದರೆ ಸಾಕು" ಎಂದಳು ಸೆಲ್ವಿ ತಮಿಳಿನಲ್ಲಿ.

ಅಜ್ಜಿ ಒಳಗಿಂದ ಹೇಳಿದಳು:

"ಓಗಿ ಬಾರ್ಲಾ ಮಾದ. ಅವ್ಳು ಊರೂರು ಮ್ಯಾಲೆ ನಿನ್ನ ಇಂಗೇ ಆಡ್ಕಂಡು ಬತ್ತಾಳೆ. ನಿನ್ ಕಡೆ ಮಾತು ಏಳೋರು ಯಾರಾನ ಒಬ್ರು ಬ್ಯಾಡ್ವಾ?"

ಅದು ಅಪ್ಪನಿಗೆ ನ್ಯಾಯವಾಗಿ ಕಂಡಿತು. ತನ್ನ ಕಡೆಯ ಮಾತು ಹೇಳಲೆಂದೇ ಹೊರಟ. ಹೋಗುವ ಮೊದಲು ಎರಡು ದಿನ ಉಳುವಾಗ ಎತ್ತುಗಳ ಹಿಂದೆ ನಡೆಯುತ್ತಾ "ಏಯ್, ಅವತ್ತು ಉಪ್ಪು..." ಎಂದು ಒಮ್ಮೆ ಕನ್ನಡದಲ್ಲಿ, ಒಮ್ಮೆ ತಮಿಳಿನಲ್ಲಿ ಹೇಳಿಕೊಳ್ಳುತ್ತಿದ್ದುದನ್ನು ಬುತ್ತಿ ಕೊಡಲು ಹೋದ ನಾನು ಕೇಳಿದೆ. "ಏಯ್" ಎಂದಾಗಲೆಲ್ಲ ಎತ್ತುಗಳು ನಿಲ್ಲುತ್ತಿದ್ದವು.

ಆ ಬೇಸಿಗೆ ಭಾನುವಾರವೆಂದರೆ ನಾಟಕ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಾವು ಮೂವರು, ಜೊತೆಗೆ ಸೆಲ್ವಿ. ಬಸ್ಸಿನಲ್ಲಿ ಅಪ್ಪ ನಮ್ಮಿಂದ ದೂರ ಕೂರುತ್ತಿದ್ದ, ಊರಿನವರಿಗೆ ನಾವು ಒಂದೇ ಮನೆಯವರೆಂದು ತಿಳಿಯಬಾರದು ಎಂದು. ಮೊದಲ ಊರಿನಲ್ಲಿ ಉಪ್ಪಿನ ವಿಷಯ ಮಾತ್ರ ಹೇಳಿದ. ಎರಡನೆಯದರಲ್ಲಿ, ಅವಳು ಕರುವಿನ ಮೇಲಿನ ಸಿಟ್ಟನ್ನು ಸಾರಿನ ಮೇಲೆ ತೋರಿಸುತ್ತಾಳೆ ಎಂದೂ ಸೇರಿಸಿದ. ಮೂರನೆಯದರ ಹೊತ್ತಿಗೆ ಗಂಡಸರ ಕಷ್ಟದ ಬಗ್ಗೆ ಒಂದು ಭಾಷಣವೇ ಆಗಿತ್ತು. ಜನ ಚಪ್ಪಾಳೆ ತಟ್ಟಿದರು. ಮೂರು ಮಾತಿನ ಮನುಷ್ಯನ ಹೊಟ್ಟೆಯಲ್ಲಿ ಅಷ್ಟೊಂದು ಮಾತಿತ್ತೆಂದು ನಮಗೆ ಗೊತ್ತಿರಲಿಲ್ಲ. ಅವ್ವನೂ ಬಿಡುತ್ತಿರಲಿಲ್ಲ, ಒಂದೊಂದಕ್ಕೂ ಮೀಸೆ ತಿರುವಿ ಉತ್ತರ ಕೊಡುತ್ತಿದ್ದಳು. ಮನೆಯಲ್ಲಿ ಹದಿಮೂರು ವರ್ಷ ಆಡದ ಜಗಳವನ್ನು ಅವರು ಪರ ಊರುಗಳ ಮರದ ಕೆಳಗೆ ಆಡಿ ಮುಗಿಸುತ್ತಿದ್ದರು. ಸಂಜೆ ಮನೆಗೆ ಬಂದು ಉಣ್ಣುವಾಗ "ಇವತ್ತು ಆ ಮಾತಿಗೆ ಜನ ನಗ್ಲಿಲ್ಲ, ಯಾಕೆ?" ಎಂದು ಅಪ್ಪ ಕೇಳುತ್ತಿದ್ದ. ಜಂತೆಯನ್ನಲ್ಲ, ಅವ್ವನನ್ನು.

ಕಾರಿಮಂಗಲಂ ಪಕ್ಕದ ಒಂದು ಊರಿನಲ್ಲಿ ಎಡವಟ್ಟಾಯಿತು. ಅಪ್ಪ ಎದ್ದು "ಏಯ್!" ಎಂದು ಶುರುಮಾಡಿದ್ದೇ ತಡ, ಮಾವಿನ ತೋಪಿನ ಇಬ್ಬರು ಗಟ್ಟಿ ಹುಡುಗರು, ಯಾರೋ ಕುಡಿದು ಬಂದು ಹೆಂಗಸರ ನಾಟಕ ಕೆಡಿಸುತ್ತಿದ್ದಾನೆಂದು ಅಪ್ಪನ ರಟ್ಟೆ ಹಿಡಿದು ಎಳೆದೊಯ್ದರು. ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಅವತ್ತೂ ಬಸ್ಸಿನಲ್ಲಿ ದೂರವೇ ಕೂತು ಬಂದದ್ದರಿಂದ ನಾವು ಅವನವರೆಂದು ಯಾರಿಗೂ ಗೊತ್ತಿರಲಿಲ್ಲ. ಟೀ ಅಂಗಡಿಯ ತನಕ ಎಳೆದುಕೊಂಡು ಹೋದಾಗ ಅವ್ವ ತಟ್ಟೆ ಬಿಸಾಕಿ, ಪಂಚೆ ಎತ್ತಿ ಕಟ್ಟಿ, ಮೀಸೆಯ ಸಮೇತ ಓಡಿದಳು.

"ಬಿಡ್ರಪ್ಪಾ! ಅವರು ಎನ್ ವೀಟ್ಟುಕ್ಕಾರರ್! ನನ್ ಗಂಡ ಕಣ್ರಪ್ಪಾ ಅವ್ರು!"

ಹುಡುಗರು ಮೀಸೆಯನ್ನು ನೋಡಿದರು, ಪಂಚೆಯನ್ನು ನೋಡಿದರು, ಅಪ್ಪನನ್ನು ನೋಡಿದರು, ರಟ್ಟೆ ಬಿಟ್ಟರು. ಅಪ್ಪ ಅಂಗಿ ಸರಿಮಾಡಿಕೊಂಡು ಗಂಭೀರವಾಗಿ "ಆಮಾ" ಅಂದ, ಹೌದು ಎಂದು. ಆ ದಿನ ನಾಟಕವನ್ನು ಮುಂದುವರಿಸುವ ಅಗತ್ಯವೇ ಬೀಳಲಿಲ್ಲ. ಹಿಂದಿರುಗುವಾಗ ಅಪ್ಪ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟಿನಲ್ಲೇ ಕೂತ.

ಕೊನೆಯ ಆಟ ಏರ್ಕಾಡಿನ ಮೇಲೆ, ಒಂದು ಕಾಫಿ ಎಸ್ಟೇಟಿನ ಕೂಲಿ ಹೆಂಗಸರಿಗೆ. ಸೇಲಮ್ಮಿನಿಂದ ಘಾಟ್ ಬಸ್ಸು. ಬೆಟ್ಟ ಹತ್ತಿ ಅಭ್ಯಾಸವಿಲ್ಲದ ಅವ್ವ ಮೂರನೆಯ ತಿರುವಿನಲ್ಲಿ ಸುಮ್ಮನಾದಳು, ಐದನೆಯದರಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು, ಆಮೇಲೆ ಮೇಲೆ ತಲುಪುವವರೆಗೂ ಒಳಗೆ ತರಲಿಲ್ಲ. ಕಾಫಿ ಒಣಹಾಕುವ ಕಣದಲ್ಲಿ ಜನ ಸೇರಿ ಕೂತಿದ್ದರು. ಅವ್ವ ಎದ್ದು ನಿಂತರೆ ಬೀಳುತ್ತಿದ್ದಳು. ಎಸ್ಟೇಟಿನ ಹೆಂಗಸರು ಅವಳನ್ನು ಕಣದ ಅಂಚಿನಲ್ಲಿ ಖಾಲಿ ಗೋಣಿಗಳ ಮೇಲೆ ಮಲಗಿಸಿ ಕಂಬಳಿ ಹೊದಿಸಿದರು. ಸೆಲ್ವಿ ಅಪ್ಪನ ಮುಖ ನೋಡಿದಳು.

"ಅಣ್ಣಾ, ಇವತ್ತು ಗಂಡನ ಪಾರ್ಟು ನೀವೇ. ನಿಮ್ಮದೇ ಕೆಮ್ಮು, ನಿಮ್ಮದೇ ಟವಲು. ಇದಕ್ಕಿಂತ ಸುಲಭ ಉಂಟಾ?"

ಅಪ್ಪನಿಗೂ ಸುಲಭವೆಂದೇ ತೋರಿತು. ಬಂದ. ಕೆಮ್ಮುವುದನ್ನು ಮರೆತ. ಇಷ್ಟು ವರ್ಷ ಎಳೆದ ಎಡಗಾಲು ಅವತ್ತು ನೆಟ್ಟಗಾಗಿ, ಡ್ರಿಲ್ಲಿಗೆ ಬಂದ ಹುಡುಗನ ಹಾಗೆ ನಡೆದು ಬಂದು ಕೂತ. ಅವನಿಗೆ ಜಂತೆ ಬೇಕಿತ್ತು. ಮೇಲೆ ಬರೀ ಮೋಡ. ನಾನು ಖಾಲಿ ತಟ್ಟೆ ಇಟ್ಟು ಬಡಿಸುವಂತೆ ಮಾಡಿದೆ. ಸೀರೆ ಉಟ್ಟು ನಿಂತ ನನ್ನನ್ನು ಅಷ್ಟು ಹತ್ತಿರದಿಂದ ಅವನು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿದ. "ಉಪ್ಪು" ಅನ್ನಬೇಕು. ಅನ್ನಲಿಲ್ಲ.

"ಚೆನ್ನಾಗೈತೆ ಮಗಾ" ಅಂದ.

ಗಂಡ ಚೆನ್ನಾಗಿದೆ ಎಂದುಬಿಟ್ಟರೆ ನಾಟಕ ಎಲ್ಲಿಂದ ನಡೆಯಬೇಕು? ಹೆಂಡತಿಯನ್ನು ಮಗಾ ಎಂದದ್ದಕ್ಕೆ ಜನರಲ್ಲಿ ಕಿಸಿಕಿಸಿ ಶುರುವಾಯಿತು. ನಾನು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದೆ.

"ಅಪ್ಪಾ, ಬಯ್ಯಿ."

"ಏನಂತ ಬಯ್ಲಿ?"

ಗೋಣಿಗಳ ಮೇಲಿನ ಕಂಬಳಿ ಅಲುಗಿತು. ಅವ್ವ ತಲೆ ಎತ್ತಿದ್ದಳು.

"ಕೆಮ್ಮು! ಮೊದ್ಲು ಕೆಮ್ಮು!"

ಅಪ್ಪ ಒಂದು ಸಲ ಸಣ್ಣಗೆ ಕೆಮ್ಮಿದ.

"ಈಗ ಗದರ್ಸು!"

"ಯಾರ್ನ?"

"ನನ್ನ!"

"ನೀನು ಅಲ್ಲಿ ಮಲ್ಗಿದ್ದೀಯಲ್ಲೇ!"

ಕಣವೆಲ್ಲ ನಕ್ಕಿತು. ಭಾಷೆ ತಿಳಿಯದವರೂ ನಕ್ಕರು. ಅವ್ವನಿಗೆ ತಡೆಯಲಾಗಲಿಲ್ಲ. ಕಂಬಳಿ ಹೊದ್ದುಕೊಂಡೇ ಎದ್ದು, ಓಲಾಡುತ್ತಾ ಬಂದು, ಅಪ್ಪನ ಹೆಗಲಿನ ಟವಲು ಕಿತ್ತು ತನ್ನ ಹೆಗಲಿಗೆ ಹಾಕಿಕೊಂಡಳು. "ಏಳಿ, ನಿಮ್ಮಿಂದ ನೀವಾಗಾಕೆ ಆಗಾಕಿಲ್ಲ" ಎಂದು ಅವನನ್ನು ಎಬ್ಬಿಸಿ, ಆ ಜಾಗದಲ್ಲಿ ಕೂತು, ಮೋಡ ನೋಡುತ್ತಾ "ಉಪ್ಪು" ಅಂದಳು. ಮೀಸೆ ಇರಲಿಲ್ಲ, ಪಂಚೆ ಇರಲಿಲ್ಲ. ಆದರೂ ಅಪ್ಪನೇ ಕೂತ ಹಾಗಿತ್ತು. ಅಪ್ಪ ಜನರ ನಡುವೆ ಹೋಗಿ ಎದ್ದು ನಿಲ್ಲಬೇಕಾಗಿತ್ತು. ಹೋಗಲಿಲ್ಲ. ನೀರಿನ ಚೊಂಬು ಹಿಡಿದುಕೊಂಡು ಆಟದ ನಡುವೆಯೇ ಅವ್ವನ ಹಿಂದೆ ನಿಂತ. ಅವಳು ಸ್ವಲ್ಪ ವಾಲಿದರೆ ಒಂದು ಹೆಜ್ಜೆ ಮುಂದಿಡುತ್ತಿದ್ದ, ನೆಟ್ಟಗಾದರೆ ಒಂದು ಹೆಜ್ಜೆ ಹಿಂದೆ. ಜನ ಅವನನ್ನು ಮನೆಯ ಆಳು ಎಂದು ತಿಳಿದರು.

ಹೊತ್ತು ಮುಳುಗುವ ಮೊದಲೇ ಕೆಳಗಿಳಿಯುವ ಬಸ್ಸು ಹತ್ತಿದೆವು. ಸೆಲ್ವಿ ಅಲ್ಲೇ ತನ್ನ ಚಿಕ್ಕಮ್ಮನ ಮನೆಗೆಂದು ಉಳಿದಳು. ಇಳಿಯುವಾಗ ಅವ್ವನಿಗೆ ವಾಂತಿಯಾಗಲಿಲ್ಲ, ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಎರಡು ತಿರುವು ಕಳೆಯುವಷ್ಟರಲ್ಲಿ ನಿದ್ದೆ ಹೋದಳು, ತಲೆ ಅಪ್ಪನ ಹೆಗಲಿಗೆ ಬಿತ್ತು. ನಾಲ್ಕು ಜನರ ಮುಂದೆ ಅವರಿಬ್ಬರ ಮೈ ತಾಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಪ್ಪ ಕಲ್ಲಾದ. ಬಸ್ಸು ಆ ಕಡೆ ಈ ಕಡೆ ತಿರುಗಿದಾಗ ಎಲ್ಲರೂ ವಾಲಿದರು, ಅವನೊಬ್ಬ ಎದುರಿನ ಕಂಬಿ ಹಿಡಿದು ಅಲುಗದೆ ಕೂತಿದ್ದ. ಸೇಲಂ ಬಸ್‌ಸ್ಟ್ಯಾಂಡ್ ಬಂತು. ಜನ ಇಳಿದರು. ಡ್ರೈವರ್ ಕಂಡಕ್ಟರ್ ಇಬ್ಬರೂ ಟೀಗೆ ಹೋದರು. ನಾನು ಚೀಲ ತೆಗೆದುಕೊಂಡು ಎದ್ದೆ.

"ಕೂತ್ಕೊ" ಎಂದ ಅಪ್ಪ, ತುಟಿ ಅಲುಗಿಸದೆ.

ನಿಂತ ಬಸ್ಸಿನಲ್ಲಿ ನಾವು ಮೂವರೇ ಕೂತಿದ್ದೆವು. ಧರ್ಮಪುರಿ ಬಸ್ಸೊಂದು ನಮ್ಮ ಕಣ್ಣೆದುರಿಗೇ ಹೊರಟುಹೋಯಿತು. ಅದನ್ನು ಅಪ್ಪನೂ ನೋಡಿದ. ಹೂ ಮಾರುವವಳು ಕಿಟಕಿಗೆ ಬಂದಾಗ ಕಣ್ಣಿನಲ್ಲೇ ಗದರಿ ಕಳಿಸಿದ. ಆ ಗದರಿಕೆ ಮಧ್ಯಾಹ್ನ ಕಣದಲ್ಲಿ ಬಂದಿದ್ದರೆ ಸಾ‌ಕಿತ್ತು. ಕೊನೆಗೆ ಕಂಡಕ್ಟರ್ ಟೀ ಕುಡಿದು ಬಂದು ಬಸ್ಸಿನ ಮೈ ಬಡಿದು "ಏರ್ಕಾಡ್! ಏರ್ಕಾಡ್! ಏರ್ಕಾಡ್!" ಎಂದು ಕೂಗಿದ. ಅವ್ವ ಬೆಚ್ಚಿ ಎದ್ದಳು.

"ಅಯ್ಯೋ, ಮತ್ತೆ ಬೆಟ್ಟಕ್ಕಾ!"

ನಮ್ಮಿಬ್ಬರನ್ನೂ ದಾಟಿಕೊಂಡು, ಹತ್ತುತ್ತಿದ್ದವರನ್ನು ನೂಕಿಕೊಂಡು ಅವಳು ಕೆಳಗಿಳಿದು ಓಡಿದಳು. ಅಪ್ಪ ಏಳಲು ಹೋಗಿ ಮತ್ತೆ ಕೂತ. ಜೋಮು ಹಿಡಿದ ತೋಳನ್ನು ಇನ್ನೊಂದು ಕೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದ. ನಾನು ನೋಡುತ್ತಿದ್ದದ್ದು ಕಂಡಿತು.

"ಅವ್ಳು ನಿದ್ದೆ ಓಗಿದ್ಲಾ?" ಎಂದ. "ನಂಗ್ ಗೊತ್ತೇ ಆಗ್ಲಿಲ್ಲ ನೋಡು."

ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ, ದನಿ ನಡುಗಲಿಲ್ಲ. ಆ ವರ್ಷ ಅಪ್ಪ ಆಡಿದ ನಾಟಕಗಳಲ್ಲೆಲ್ಲ ಅದೊಂದೇ ಚೆನ್ನಾಗಿತ್ತು.